ಮೇಷ್ಟ್ರ ಕಾಲ ಕೆಳಗಿನ ಬ್ರೇಕ್

(ಮಂಡ್ಯದ ಕಾಲೇಜೊಂದರಲ್ಲಿ, ಲೈಸೆನ್ಸ್ ಮಾಡಿಸುವ ವಯಸ್ಸಿನ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಕೆಲವು ಕಡೆ ಬೆಳೆಸಿದ್ದೇನೆ. ಹಾದಿ ತಪ್ಪಿದ ಕಡೆ ಕತ್ತರಿಸಿದ್ದೇನೆ, ಪೂರ್ತಿ ಏನಲ್ಲ.)

ಎಲ್ಲರಿಗೂ ನಮಸ್ಕಾರ.

ಪ್ರಿನ್ಸಿಪಾಲರು ನನ್ನ ಪರಿಚಯ ಮಾಡುತ್ತಾ, ಇವರು ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರು ಓಡಿಸಲು ಕಲಿಸುತ್ತಿದ್ದಾರೆ ಅಂದರು. ನಿಜ. ಆದರೆ ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಓಡಿಸಿದ್ದು ಕಡಿಮೆ, ಎಡಗಡೆ ಸೀಟಿನಲ್ಲಿ ಕೂತಿದ್ದೇ ಜಾಸ್ತಿ. ನನ್ನ ಚಪ್ಪಲಿ ನೋಡಿದರೆ ಗೊತ್ತಾಗುತ್ತದೆ. ಬಲಗಾಲಿನದು ಯಾವಾಗಲೂ ಮೊದಲು ಸವೆಯುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಸ್ಕೂಲಿಗೆ ಒಬ್ಬ ಹುಡುಗ ಬಂದ. ಇನ್‌ಶರ್ಟ್ ಮಾಡಿಕೊಂಡು, ಬೆವರುತ್ತಾ, ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು. ಡ್ರೈವಿಂಗ್ ಸಿಮ್ಯುಲೇಟರ್ ಮಾರುವ ಕೆಲಸ ಅವನದು. ಒಂದು ಕಡೆ ಅದನ್ನು ಜೋಡಿಸಿ ಇಟ್ಟಿದ್ದರು, ಕರೆದುಕೊಂಡು ಹೋಗಿ ತೋರಿಸಿದ. ಒಂದು ಸೀಟು, ಸ್ಟೀರಿಂಗ್, ಮೂರು ಪೆಡಲ್, ಗೇರ್ ರಾಡ್, ಮುಂದೆ ಮೂರು ಟಿವಿ. "ಪೆಟ್ರೋಲ್ ಖರ್ಚಿಲ್ಲ ಸರ್, ಡೆಂಟ್ ಆಗಲ್ಲ, ಮಳೆ ಬಂದ್ರೂ ಕ್ಲಾಸ್ ನಿಲ್ಲಲ್ಲ" ಅಂದ. ನಾನು ಕೂತು ಓಡಿಸಿದೆ. ಎಂಥ ರಸ್ತೆ ಅಂತೀರಿ! ಗುಂಡಿ ಇಲ್ಲ, ಹಂಪ್ ಇಲ್ಲ, ನಾಯಿ ಇಲ್ಲ. ಎದುರಿಗೆ ಬಂದ ಒಂದೊಂದು ಗಾಡಿಯೂ ಅದರದರ ಲೇನಿನಲ್ಲೇ ಬರುತ್ತಿತ್ತು. ಅತ್ತೆ ಮನೆಗೆ ಮೊದಲ ಸಲ ಬಂದ ಅಳಿಯನ ಹಾಗೆ ಎಲ್ಲರೂ ಮರ್ಯಾದೆಯಿಂದ ಇದ್ದರು.

"ಇದರಲ್ಲಿ ಕಬ್ಬಿನ ಗಾಡಿ ಇದೆಯಾ?" ಅಂತ ಕೇಳಿದೆ.

"ಲಾರಿ ಇದೆ ಸರ್."

"ಲಾರಿ ಅಲ್ಲಪ್ಪ. ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್. ಎರಡೂ ಕಡೆ ಕಬ್ಬು ಚಾಚಿಕೊಂಡಿರುತ್ತದೆ, ಹಿಂದೆ ಲೈಟ್ ಇರಲ್ಲ."

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಮುಂದಿನ ಅಪ್‌ಡೇಟ್‌ನಲ್ಲಿ ಬರಬಹುದು ಸರ್" ಅಂದ.

ನಾನು ಕೊಳ್ಳಲಿಲ್ಲ. ಸ್ಕೂಲಿಗೆ ಬಂದು ಎಲ್ಲರ ಹತ್ತಿರ ಹೇಳಿಕೊಂಡು ನಕ್ಕಿದ್ದೂ ಆಯಿತು. ಆದರೆ ಆ ಯಂತ್ರ ತಲೆಯಿಂದ ಹೋಗಲಿಲ್ಲ. ಆಮೇಲೆ ಬೇರೆ ಬೇರೆ ಕಡೆ ಇನ್ನೂ ಒಂದೆರಡರಲ್ಲಿ ಕೂತು ನೋಡಿದೆ, ಸಿಕ್ಕಿದ್ದನ್ನು ಓದಿದೆ. ಈಗ ನನಗೆ ಅನ್ನಿಸುವುದು ಇಷ್ಟು. ಯಂತ್ರ ಒಳ್ಳೆಯದೇ. ನಾವು ಅದಕ್ಕೆ ಕೊಟ್ಟಿರುವ ಕೆಲಸ ತಪ್ಪು. ಗಾಡಿಯೇ ಚೆನ್ನಾಗಿ ಕಲಿಸುವುದನ್ನು ಯಂತ್ರದ ಕೈಲಿ ಕಲಿಸುತ್ತಿದ್ದೇವೆ. ಗಾಡಿಯಲ್ಲಿ ಕಲಿಯಲು ಹೋದರೆ ಜೀವವೇ ಹೋಗುವಂಥದ್ದನ್ನು ಯಾರೂ ಎಲ್ಲೂ ಕಲಿಸುತ್ತಿಲ್ಲ.

ಈ ಯಂತ್ರದ ಮುತ್ತಜ್ಜನ ಕಥೆ ಚೆನ್ನಾಗಿದೆ, ಕೇಳಿ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಅಂತ ಒಬ್ಬ ಇದ್ದ. ಅವರ ಮನೆಯವರದು ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆ. ಇವನಿಗೆ ವಿಮಾನದ ಹುಚ್ಚು. ಕಲಿಯಲು ಹೋದರೆ ಫೀಸು ಕೈ ಸುಡುವಷ್ಟು. ಆರ್ಗನ್ನಿಗೆ ಗಾಳಿ ಊದುವ ತಿದಿಗಳಿರುತ್ತವಲ್ಲ, ನಮ್ಮ ಹಾರ್ಮೋನಿಯಂ ಒಳಗೆ ಇರುವ ಥರದ್ದೇ, ಅವುಗಳ ಮೇಲೆ ಒಂದು ಪುಟ್ಟ ವಿಮಾನದ ಡಬ್ಬಿ ಕೂರಿಸಿದ. ಒಳಗೆ ಕೂತು ಕಡ್ಡಿ ಅಲ್ಲಾಡಿಸಿದರೆ ಡಬ್ಬಿ ವಾಲುತ್ತದೆ, ತಿರುಗುತ್ತದೆ. ಇದು 1929ರ ಮಾತು. ಯಾರೂ ಅದನ್ನು ಪಾಠದ ಸಾಮಾನು ಅಂತ ನೋಡಲಿಲ್ಲ. ಮೊದಲು ಮಾರಾಟವಾಗಿದ್ದು ಮನರಂಜನೆ ಪಾರ್ಕುಗಳಿಗೆ. ನಮ್ಮ ದಸರಾ ಎಕ್ಸಿಬಿಷನ್‌ನಲ್ಲಿ ಮಕ್ಕಳನ್ನು ಕೂರಿಸಿ ಆಡಿಸುತ್ತಾರಲ್ಲ, ಹಾಗೆ.

1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳಿಗೆ ಅಂಚೆ ಸಾಗಿಸುವ ಕೆಲಸ ಬಿತ್ತು. ಚಳಿಗಾಲ, ಮಂಜು, ರಾತ್ರಿ. ಹೊರಗೆ ಏನೂ ಕಾಣದಾಗ ಬರೀ ಮೀಟರ್ ನೋಡಿಕೊಂಡು ಹಾರಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಸೇನೆ ಲಿಂಕ್‌ನ ಡಬ್ಬಿಗಳನ್ನು ಕೊಂಡಿತು. ಎಷ್ಟು? ಆರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಲಕ್ಷಗಟ್ಟಲೆ ಪೈಲಟ್‌ಗಳು ಆ ನೀಲಿ ಡಬ್ಬಿಯಲ್ಲಿ ಕೂತು ಕಲಿತಿದ್ದರು.

ಇಲ್ಲಿ ಒಂದು ವಿಷಯ ಹಿಡಿದುಕೊಳ್ಳಿ. ವಿಮಾನ ಮೇಲೆ ಏರಿಸುವುದು ಹೇಗೆ ಅಂತ ಕಲಿಸಲು ಸೇನೆ ಅದನ್ನು ಕೊಳ್ಳಲಿಲ್ಲ. ಮೋಡದೊಳಗೆ ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ಕಲಿಸಲು ಕೊಂಡಿತು. ನಿಜವಾದ ಮೋಡದಲ್ಲಿ ಅದನ್ನು ಕಲಿಯಲು ಹೋದವರು ಪಾಠ ಹೇಳಲು ವಾಪಸ್ ಬಂದಿರಲಿಲ್ಲ.

ಈಗ ಚಪ್ಪಲಿ ವಿಷಯಕ್ಕೆ ಬರುತ್ತೇನೆ.

ನಾನು ಕಾರು ಕಲಿತಿದ್ದು 1996ರಲ್ಲಿ, ಮೈಸೂರಿನಲ್ಲೇ, ಒಂದು ಡ್ರೈವಿಂಗ್ ಸ್ಕೂಲಿನಲ್ಲಿ. ಹೆಸರು ಬೇಡ. ದಿನಾ ಬೆಳಿಗ್ಗೆ ಅರ್ಧ ಗಂಟೆ. ನಾಲ್ಕು ಜನ ಒಂದೇ ಕಾರಿನಲ್ಲಿ ತುಂಬಿಕೊಂಡು ಹೋಗುತ್ತಿದ್ದೆವು. ಒಬ್ಬ ಓಡಿಸಿದರೆ ಮೂವರು ಹಿಂದೆ ಕೂತು ಆಕಳಿಸುವುದು. ನನ್ನ ಪಾಲಿಗೆ ಸ್ಟೀರಿಂಗ್ ಸಿಗುತ್ತಿದ್ದದ್ದು ಏಳೆಂಟು ನಿಮಿಷ. ಹತ್ತನೇ ದಿನಕ್ಕೆ ನಾನು ಜೆಎಲ್‌ಬಿ ರೋಡಿನಲ್ಲಿ ಆರಾಮಾಗಿ ಓಡಿಸುತ್ತಿದ್ದೆ. ರಾಮಸ್ವಾಮಿ ಸರ್ಕಲ್‌ನಲ್ಲಿ ನಿಲ್ಲಿಸಿ, ಮತ್ತೆ ಎತ್ತಿಕೊಂಡು, ಒಂದು ಸಲವೂ ಆಫ್ ಮಾಡದೆ ಹೋದೆ. ಏನು ಹೆಮ್ಮೆ! ಮನೆಗೆ ಹೋಗಿ ಅವ್ವನ ಹತ್ತಿರ, "ನನ್ ಕೈ ಕೂತ್ಕೊಂಡ್‌ಬುಡ್ತು ಕಣವ್ವ" ಅಂದಿದ್ದೆ.

ಲೈಸೆನ್ಸ್ ಬಂತು. ಚಿಕ್ಕಪ್ಪನ ಕಾರು ಕೇಳಿ ತಗೊಂಡು, ಒಬ್ಬನೇ ಚಾಮುಂಡಿ ಬೆಟ್ಟದ ರಸ್ತೆ ಹಿಡಿದೆ. ತಿರುವಿನಲ್ಲಿ ಮುಂದಿನ ಬಸ್ಸು ನಿಂತಿತು. ನಾನೂ ನಿಲ್ಲಿಸಿದೆ. ಬಸ್ಸು ಹೊರಟಿತು. ನಾನು ಕ್ಲಚ್ ಬಿಟ್ಟೆ, ಗಾಡಿ ಆಫ್ ಆಯಿತು. ಸ್ಟಾರ್ಟ್ ಮಾಡಿದೆ. ಬ್ರೇಕಿಂದ ಕಾಲು ತೆಗೆದರೆ ಗಾಡಿ ಹಿಂದಕ್ಕೆ ಉರುಳುತ್ತದೆ. ಮತ್ತೆ ಆಫ್. ಹಿಂದಿದ್ದ ಟೆಂಪೋದವನು ಮೊದಲು ಹಾರ್ನ್ ಮಾಡಿದ, ಆಮೇಲೆ ಇಳಿದು ಬಂದ, ಆಮೇಲೆ ಅವನೇ ನನ್ನ ಸೀಟಿನಲ್ಲಿ ಕೂತು ಗಾಡಿಯನ್ನು ಪಕ್ಕಕ್ಕೆ ಹಾಕಿಕೊಟ್ಟ. ಅವತ್ತು ಬೆಟ್ಟದ ಮೇಲೆ ಹೋಗಲಿಲ್ಲ. ತಾಯಿಗೆ ಕೆಳಗಿಂದಲೇ ಕೈ ಮುಗಿದು ವಾಪಸ್ ಬಂದೆ.

ಏನಾಗಿತ್ತು ಅಂದರೆ, ಡ್ರೈವಿಂಗ್ ಸ್ಕೂಲಿನ ಕಾರಿಗೆ ಎಡಗಡೆಯೂ ಒಂದು ಬ್ರೇಕ್, ಒಂದು ಕ್ಲಚ್ ಇರುತ್ತದೆ. ಕಲಿಸುವವರ ಕಾಲು ಸದಾ ಅದರ ಮೇಲೆ. ರಾಮಸ್ವಾಮಿ ಸರ್ಕಲ್‌ನಲ್ಲಿ ನಾನು ಎತ್ತಿದ್ದೆ ಅಂದುಕೊಂಡಿದ್ದ ಗಾಡಿಯನ್ನು ಎತ್ತಿದ್ದು ನಮ್ಮ ಮೇಷ್ಟ್ರು. ನಾನು ಸ್ಟೀರಿಂಗ್ ಹಿಡಿದುಕೊಂಡು ಆಟ ಆಡಿದ್ದೆ ಅಷ್ಟೆ. ಅದು ಗೊತ್ತಾಗಿದ್ದು ನಾನೇ ಎಡಗಡೆ ಸೀಟಿಗೆ ಬಂದ ಮೇಲೆ. ಹಾಗಾಗಿ ಸಿಮ್ಯುಲೇಟರ್ ಒಳ್ಳೆಯದಾ, ರಸ್ತೆ ಒಳ್ಳೆಯದಾ ಅಂತ ಯಾರಾದರೂ ಜಗಳಕ್ಕೆ ನಿಂತರೆ ನನಗೆ ನಗು ಬರುತ್ತದೆ. ನಮ್ಮ ಡ್ರೈವಿಂಗ್ ಸ್ಕೂಲ್ ಕಾರೇ ಒಂದು ಸಿಮ್ಯುಲೇಟರ್! ಟಿವಿ ಬದಲು ಗಾಜು ಇದೆ, ಕಂಪ್ಯೂಟರ್ ಬದಲು ನಾನಿದ್ದೇನೆ.

ಈಗ ನಾನು ಒಂದು ಕೆಲಸ ಮಾಡುತ್ತೇನೆ. ಹನ್ನೆರಡನೇ ಕ್ಲಾಸಿಗೆ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ, ಚಕ್ಕಂಬಕ್ಕಳ ಹಾಕಿ ಕೂರುತ್ತೇನೆ. ವಿಜಯನಗರ ನಾಲ್ಕನೇ ಹಂತದ ಕಡೆ, ಖಾಲಿ ರಸ್ತೆಯಲ್ಲಿ. "ಇವತ್ತು ನನ್ನ ಕಾಲಿಲ್ಲ, ನೋಡಿಕೊಳ್ಳಿ" ಅನ್ನುತ್ತೇನೆ. ಆಗ ಮುಖಗಳನ್ನು ನೋಡಬೇಕು ನೀವು. ಹನ್ನೊಂದು ದಿನ ಚೆನ್ನಾಗಿ ಓಡಿಸಿದವರು ಅವತ್ತು ಮೂರು ಸಲ ಆಫ್ ಮಾಡುತ್ತಾರೆ. ಅವರ ನಿಜವಾದ ಕಲಿಕೆ ಶುರುವಾಗುವುದು ಅವತ್ತಿಂದ.

ಕ್ಲಚ್ ವಿಷಯವನ್ನೇ ಸ್ವಲ್ಪ ಹಿಡಿದು ಮಾತಾಡೋಣ. ಸಿಮ್ಯುಲೇಟರ್ ಇಟ್ಟವರು ಬಹುಪಾಲು ಅದನ್ನು ಬಳಸುವುದೇ ಇದಕ್ಕೆ. ಮೊದಲ ಮೂರ್ನಾಲ್ಕು ದಿನ ಯಂತ್ರದ ಮೇಲೆ ಕೂರಿಸಿ ಗೇರ್, ಕ್ಲಚ್ ಅಭ್ಯಾಸ ಮಾಡಿಸುತ್ತಾರೆ. ಗೇರ್ ಎಲ್ಲಿದೆ, ಯಾವ ಕಾಲು ಎಲ್ಲಿಗೆ ಅಂತ ತಿಳಿಯಲು ಸರಿ. ಅದಕ್ಕೆ ಒಂದು ಗಂಟೆ ಸಾಕು. ಹಾಫ್ ಕ್ಲಚ್, ಅಂದರೆ ಕ್ಲಚ್ ಅರ್ಧ ಬಿಟ್ಟು ಹಿಡಿದುಕೊಳ್ಳುವುದು, ಕಣ್ಣಿಗೆ ಕಾಣುವ ವಸ್ತುವಲ್ಲ. ಕ್ಲಚ್ ಕಚ್ಚಿಕೊಳ್ಳುವಾಗ ಇಂಜಿನ್ ಸದ್ದು ಸ್ವಲ್ಪ ಕುಗ್ಗುತ್ತದೆ. ಪೆಡಲ್‌ನಲ್ಲಿ ಸಣ್ಣ ನಡುಕ ಬರುತ್ತದೆ. ಗಾಡಿಯ ಮೂತಿ ಒಂದು ಕೂದಲೆಳೆಯಷ್ಟು ಮೇಲೆದ್ದ ಹಾಗೆ ಆಗುತ್ತದೆ. ಇದನ್ನು ಹಿಡಿಯುವುದು ಅಂಗಾಲು ಮತ್ತು ಸೊಂಟ. ರೊಟ್ಟಿ ತಟ್ಟುವವರಿಗೆ ಹಿಟ್ಟಿನ ಹದ ಕೈಗೆ ತಿಳಿಯುತ್ತದಲ್ಲ, ಹಾಗೆ. ಹಿಟ್ಟಿನ ಫೋಟೊ ತೋರಿಸಿ ಹದ ಕಲಿಸಲು ಆಗುತ್ತದಾ? ಕಡಿಮೆ ಬೆಲೆಯ ಸಿಮ್ಯುಲೇಟರ್‌ಗಳ ಪೆಡಲ್ ಕೆಳಗೆ ಒಂದು ಸ್ಪ್ರಿಂಗ್ ಇರುತ್ತದೆ, ಅಷ್ಟೆ. ಸೀಟು ಅಲ್ಲಾಡುವ ದೊಡ್ಡ ಯಂತ್ರಗಳೂ ಇವೆ. ಆರು ಕಾಲಿನ ಮೇಲೆ ನಿಂತು ಎಲ್ಲ ದಿಕ್ಕಿಗೂ ವಾಲುತ್ತವೆ. ಅವು ನಮ್ಮಂಥವರ ಕೈಗೆಟುಕುವ ಮಾತಲ್ಲ.

ಇನ್ನೊಂದು ತೊಂದರೆ ಹೊಟ್ಟೆಯದು. ಸಿಮ್ಯುಲೇಟರ್‌ನಲ್ಲಿ ಹತ್ತು ನಿಮಿಷ ಕೂತರೆ ಕೆಲವರಿಗೆ ವಾಕರಿಕೆ ಬರುತ್ತದೆ. ಬಸ್ಸಿನಲ್ಲಿ ಘಾಟಿ ಹತ್ತುವಾಗ ಮೊಬೈಲ್ ನೋಡಿಕೊಂಡು ಕೂತರೆ ವಾಂತಿ ಬರುವ ಹಾಗಾಗುತ್ತದೆ ಅಲ್ವಾ? ಅಲ್ಲಿ ಕಣ್ಣಿಗೆ ಅಕ್ಷರ ನಿಂತಲ್ಲೇ ಕಾಣುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಮಾತ್ರ ನೀನು ತಿರುಗುತ್ತಿದ್ದೀಯ ಅನ್ನುತ್ತದೆ. ಇಲ್ಲಿ ಉಲ್ಟಾ. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಕಿವಿ ಸುಮ್ನೆ ಕೂತಿದ್ದೀಯಲ್ಲೋ ಅನ್ನುತ್ತದೆ. ಮಿದುಳು ಯಾರ ಮಾತು ಕೇಳಬೇಕು ತಿಳಿಯದೆ ಹೊಟ್ಟೆಯ ಮೇಲೆ ಹಾಕುತ್ತದೆ. ನನಗೂ ಎರಡನೇ ಸಲ ಕೂತಾಗ ಹಾಗೇ ಆಯಿತು. ಹೊರಗೆ ಬಂದು ಒಂದು ನಿಂಬೆಹಣ್ಣಿನ ಸೋಡಾ ಕುಡಿದೆ.

ಕ್ಲಚ್ಚು, ಬ್ರೇಕು, ಸ್ಟೀರಿಂಗು ಇವೆಲ್ಲ ಒಂದು ತಿಂಗಳ ಕೆಲಸ. ಅದಾದ ಮೇಲಿನದು ಕಷ್ಟ. ರಸ್ತೆಯಲ್ಲಿ ಇರುವವರ ಮನಸ್ಸು ಓದುವುದು. ಸ್ಕೂಟರಿನವನು ಬಲಗಾಲು ಸ್ವಲ್ಪ ಹೊರಗೆ ಚಾಚಿದರೆ ಬಲಕ್ಕೆ ತಿರುಗುತ್ತಾನೆ ಅಂತ ಅರ್ಥ. ಇಂಡಿಕೇಟರ್ ಹಾಕಿದರೆ ತಿರುಗುತ್ತಾನೆ ಅಂತ ಹೇಳಲಾಗದು, ಅದು ಬೆಳಿಗ್ಗೆಯಿಂದ ಹಾಗೇ ಉರಿಯುತ್ತಿರಬಹುದು. ಎದುರಿನ ಲಾರಿ ಡಿಪ್ಪರ್ ಹೊಡೆದರೆ "ನಾನು ನಿಲ್ಲಿಸಲ್ಲ, ನೀನು ನಿಲ್ಲು" ಅಂತ. ಇನ್ನು ಮುಂದೆ ಹೋಗುತ್ತಿರುವ ಲಾರಿ ಬಲಗಡೆ ಇಂಡಿಕೇಟರ್ ಹಾಕಿತು ಅನ್ನಿ. ಅದು "ನಾನು ಬಲಕ್ಕೆ ತಿರುಗುತ್ತಿದ್ದೇನೆ" ಇರಬಹುದು, "ರಸ್ತೆ ಖಾಲಿ ಇದೆ, ಓವರ್‌ಟೇಕ್ ಮಾಡು" ಅಂತಲೂ ಇರಬಹುದು. ಎರಡೂ ಚಾಲ್ತಿಯಲ್ಲಿವೆ! ಯಾವುದು ಅಂತ ತಿಳಿಯಲು ಲಾರಿಯ ಸ್ಪೀಡು ನೋಡಬೇಕು, ಮುಂದೆ ಬಲಗಡೆ ರಸ್ತೆ ಇದೆಯಾ ನೋಡಬೇಕು, ಅನುಮಾನ ಬಂದರೆ ಹಿಂದೆಯೇ ಇರಬೇಕು. ಯಾವ ಸಿಮ್ಯುಲೇಟರ್‌ನಲ್ಲೂ ನಾನು ಈ ಲಾರಿ ನೋಡಿಲ್ಲ. ಅದರೊಳಗಿನ ಜನ ರೂಲ್ಸ್ ಪುಸ್ತಕ ಬಾಯಿಪಾಠ ಮಾಡಿದವರು.

ಮೈಸೂರಿನಲ್ಲಿ ಸಂಜೆ ಏಳು ಗಂಟೆಗೆ ಸಯ್ಯಾಜಿರಾವ್ ರಸ್ತೆಯಲ್ಲಿ, ಮಾರುಕಟ್ಟೆ ಪಕ್ಕ, ಮೊದಲ ಗೇರ್‌ನಲ್ಲಿ ಅರ್ಧ ಕಿಲೋಮೀಟರ್ ಹೋಗಿ ನೋಡಿ. ಹೂ ಕೊಂಡ ಹೆಂಗಸರು ಕೈ ಅಡ್ಡ ಹಿಡಿದು ದಾಟುತ್ತಾರೆ. ಅವರ ಕಣ್ಣು ನಿಮ್ಮ ಕಣ್ಣನ್ನು ಹುಡುಕುತ್ತದೆ. ನೀವು ಒಂಚೂರು ತಲೆ ಆಡಿಸಿದರೆ ದಾಟುತ್ತಾರೆ, ಆಡಿಸದಿದ್ದರೆ ನಿಲ್ಲುತ್ತಾರೆ. ಅದು ಮಾತುಕತೆ. ನಮ್ಮ ಊರಿನಲ್ಲಿ ಡ್ರೈವಿಂಗ್ ಅಂದರೆ ಅರ್ಧ ಭಾಗ ಇಂಥ ಮಾತುಕತೆಯೇ. ಕಂಪ್ಯೂಟರ್ ಒಳಗಿನ ಹೆಂಗಸು ನಿಮ್ಮ ಕಣ್ಣು ನೋಡುವುದಿಲ್ಲ.

ನಿಮ್ಮ ಮಂಡ್ಯದ ಕಡೆ ಬಂದರೆ ಪಾಠವೇ ಬೇರೆ. ಸುಗ್ಗಿ ಬಂತೆಂದರೆ ರಸ್ತೆಯೇ ಕಣ. ರಾಗಿ, ಹುರುಳಿ ತಂದು ಹರಡಿರುತ್ತಾರೆ, ಗಾಡಿಗಳು ಹರಿದು ಕಾಳು ಉದುರಲಿ ಅಂತ. ನಿಮ್ಮಲ್ಲಿ ಎಷ್ಟು ಜನರ ಮನೆಯವರು ಹರಡಿದ್ದಾರೆ? (ಅರ್ಧಕ್ಕರ್ಧ ಕೈ ಮೇಲೆದ್ದವು. ನಗು.) ನಮ್ಮಪ್ಪನೂ ಹರಡಿದ್ದರು ಬಿಡಿ, ಪಾಂಡವಪುರದ ಹತ್ತಿರ. ಬೈಯುವುದು ಸುಲಭ. ಓಡಿಸುವವರು ತಿಳಿದುಕೊಳ್ಳಬೇಕಾದ್ದು ಬೇರೆ. ಹುಲ್ಲಿನ ಮೇಲೆ ಬ್ರೇಕ್ ಹಿಡಿಯುವುದಿಲ್ಲ, ಚಕ್ರ ಜಾರುತ್ತದೆ. ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಕಾವಿಗೆ ಹೊತ್ತಿಕೊಂಡು ಕಾರೇ ಸುಟ್ಟು ಹೋದದ್ದುಂಟು. ಹಾಗಾಗಿ ದೂರದಿಂದಲೇ ಸ್ಪೀಡ್ ಇಳಿಸಿಕೊಂಡು ಬರಬೇಕು, ಅದರ ಮೇಲೆ ಬ್ರೇಕ್ ಒತ್ತಬಾರದು, ಅದರ ಮೇಲೆ ನಿಲ್ಲಿಸಲೇಬಾರದು. ಪಕ್ಕಕ್ಕೆ ಜಾಗ ಇದ್ದರೆ ಬಿಟ್ಟು ಹೋಗುವುದೇ ಸರಿ. ಬೈಕಿನವರಂತೂ ಹುಷಾರು.

ಮತ್ತೆ ನಾಲೆ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ರಸ್ತೆಗಳು ನಿಮಗೆ ಗೊತ್ತೇ ಇವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆ ವಾರವೆಲ್ಲ ನನ್ನ ಕೈಲಿ ಕ್ಲಾಸು ಸರಿಯಾಗಿ ಮಾಡಲು ಆಗಲಿಲ್ಲ. ನಾಲೆ ಏರಿಯ ಮೇಲೆ ಹೊಸಬರನ್ನು ಕೂರಿಸಿದಾಗ ನಾನು ನೋಡಿರುವುದು ಒಂದೇ. ಹೆದರಿಕೆಗೆ ಅವರು ನೀರನ್ನೇ ನೋಡುತ್ತಾರೆ. ಕಣ್ಣು ಹೋದ ಕಡೆ ಕೈ ಹೋಗುತ್ತದೆ, ಕೈ ಹೋದ ಕಡೆ ಗಾಡಿ. "ನೀರು ಬೇಡ, ರಸ್ತೆ ನೋಡಿ, ದೂರ ನೋಡಿ" ಅಂತ ಹೇಳುತ್ತಲೇ ಇರಬೇಕು. ಈ ಹೆದರಿಕೆಯನ್ನು ಪರದೆಯ ಮೇಲೆ ತರಲು ಆಗುವುದಿಲ್ಲ. ಅಲ್ಲಿ ನಾಲೆಗೆ ಬಿದ್ದರೆ ಒಂದು ಬಟನ್ ಒತ್ತುತ್ತಾರೆ, ಗಾಡಿ ಮತ್ತೆ ಮೊದಲಿದ್ದಲ್ಲಿಗೆ ಬಂದು ನಿಲ್ಲುತ್ತದೆ.

ಇಷ್ಟು ಹೊತ್ತು ಯಂತ್ರವನ್ನು ಬೈದೆ ಅಂತ ನಿಮಗೆ ಅನ್ನಿಸಿರಬಹುದು. ಈಗ ಅದರ ಪರವಾಗಿ ಮಾತಾಡುತ್ತೇನೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾಯಿತು, ಇಲ್ಲೇ ನಿಮ್ಮ ಜಿಲ್ಲೆಯಲ್ಲಿ. ಮೊದಲ ತಿಂಗಳುಗಳಲ್ಲಿ ಎಷ್ಟು ಸಾವು ನೋವು ಆಯಿತು ಅಂತ ನೆನಪಿದೆ ಅಲ್ವಾ? ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುವುದು ನಿಲ್ಲಿಸಿದರು. ಕಾರಿಗೆ 100 ಕಿಲೋಮೀಟರ್ ಮಿತಿ, ಕ್ಯಾಮೆರಾ, ದಂಡ ಎಲ್ಲ ಬಂತು. ಸರಿ. ಆದರೆ ಒಂದು ಪ್ರಶ್ನೆ. ನಮ್ಮ ಸ್ಕೂಲಿನಲ್ಲಿ ಕಲಿತವರು ಲೈಸೆನ್ಸ್ ತೆಗೆದುಕೊಳ್ಳುವ ತನಕ ಓಡಿಸಿದ ಅತಿ ಹೆಚ್ಚು ಸ್ಪೀಡ್ ಎಷ್ಟು? ನಲವತ್ತು. ಒಂದೊಂದು ದಿನ, ರಿಂಗ್ ರೋಡಿನಲ್ಲಿ, ಐವತ್ತು. ಮಾರನೇ ವಾರ ಅವರು ಮನೆಯವರನ್ನೆಲ್ಲ ಕೂರಿಸಿಕೊಂಡು ನೂರರಲ್ಲಿ ಹೋಗುತ್ತಾರೆ. ನೂರು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಲೆಕ್ಕ ನೋಡಿ. ನೂರರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮುಂದೆ ಏನೋ ಕಂಡು, ಮಿದುಳಿಗೆ ತಿಳಿದು, ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡಾದರೂ ಬೇಕು. ಬ್ರೇಕ್ ಒತ್ತುವ ಮೊದಲೇ 28 ಮೀಟರ್ ಹೋಯಿತು. ಒತ್ತಿದ ಮೇಲೆ ಒಣ ರಸ್ತೆಯಲ್ಲೇ ಇನ್ನೂ ಐವತ್ತೈದು ಅರವತ್ತು ಮೀಟರ್. ಸ್ಪೀಡು ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು. ಐವತ್ತರಲ್ಲಿ ಹದಿನಾಲ್ಕು ಹದಿನೈದು ಮೀಟರ್‌ಗೆ ನಿಲ್ಲುತ್ತಿದ್ದ ಗಾಡಿ ಇದು. ಕಾಲಿಗೆ ಗೊತ್ತಿರುವುದು ಆ ಹದಿನೈದು ಮೀಟರ್ ಮಾತ್ರ. ನಾನು ಬೋರ್ಡಿನ ಮೇಲೆ ಬರೆದರೆ ತಲೆ ಆಡಿಸುತ್ತಾರೆ, ನಂಬುವುದಿಲ್ಲ. ನಂಬಬೇಕಾದರೆ ನೂರರಲ್ಲಿ ಹೋಗುತ್ತಾ ಮುಂದೆ ನಿಂತ ಲಾರಿಗೆ ಗುದ್ದಬೇಕು. ಒಂದಲ್ಲ, ನಾಲ್ಕು ಸಲ ಗುದ್ದಬೇಕು, ಐದನೇ ಸಲ ಬೇಗ ಬ್ರೇಕ್ ಹಿಡಿಯಬೇಕು. ಇದನ್ನು ಯಾವ ಮೇಷ್ಟ್ರ ಕಾರಿನಲ್ಲಿ ಕಲಿಸುತ್ತೀರಿ? ಲಿಂಕ್‌ನ ಮೋಡ ಇದೇ.

ಅದೇ ಥರ ರಾತ್ರಿ ಮಳೆಯಲ್ಲಿ ಎದುರಿನ ಬೆಳಕು ಕಣ್ಣಿಗೆ ಹೊಡೆಯುವಾಗ ರಸ್ತೆಯ ಅಂಚು ಹುಡುಕುವುದು, ಟೈರ್ ಸಿಡಿದಾಗ ಬ್ರೇಕ್ ಒತ್ತದೆ ಸ್ಟೀರಿಂಗ್ ಗಟ್ಟಿ ಹಿಡಿಯುವುದು, ಲೈಟಿಲ್ಲದ ಕಬ್ಬಿನ ಗಾಡಿ ಇದ್ದಕ್ಕಿದ್ದ ಹಾಗೆ ಎದುರಾಗುವುದು. ಇವನ್ನು ಯಂತ್ರದ ಮೇಲೆ ನೂರು ಸಲ ಮಾಡಿಸಿ. ಅದಕ್ಕೆ ಬೇಕಾದರೆ ನಾನು ಸಾಲ ಮಾಡಿ ಯಂತ್ರ ತರುತ್ತೇನೆ. ಬ್ರಿಟನ್ನಿನಲ್ಲಿ 2018ರಿಂದ ಕಲಿಯುವವರನ್ನೇ ದೊಡ್ಡ ಹೆದ್ದಾರಿಗೆ ಕರೆದೊಯ್ಯಲು ಬಿಟ್ಟಿದ್ದಾರೆ, ಪಕ್ಕದಲ್ಲಿ ಮೇಷ್ಟ್ರು ಇರಬೇಕು, ಎರಡು ಬ್ರೇಕಿನ ಕಾರು ಇರಬೇಕು ಅಂತ. ನಮ್ಮಲ್ಲೂ ಅಂಥದ್ದು ಪಾಠದೊಳಗೆ ಬಂದರೆ ಒಳ್ಳೆಯದು ಅಂತ ನನ್ನ ಆಸೆ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನಾರ್ವೆಯಲ್ಲಿ ಹಿಂದೆ ಕಲಿಯುವವರಿಗೆಲ್ಲ ಜಾರುವ ರಸ್ತೆಯ ಮೇಲೆ ಓಡಿಸುವ ಪಾಠ ಕಡ್ಡಾಯ ಮಾಡಿದರು. ಆಮೇಲೆ ನೋಡಿದರೆ ಹುಡುಗರ ಅಪಘಾತ ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು. ನನಗೆ ಜಾರುವಾಗ ಹಿಡಿದು ನಿಲ್ಲಿಸುವುದು ಗೊತ್ತು ಅಂತ ಅವರು ಜೋರಾಗಿ ಹೋಗುತ್ತಿದ್ದರು! ಹಾಗಾಗಿ ಸಿಮ್ಯುಲೇಟರ್‌ನಲ್ಲಿ ಕಲಿಸುವಾಗ ಕೊನೆಗೆ ಗೆಲ್ಲಿಸಿ ಕಳಿಸಬಾರದು. ಗುದ್ದಿಸಿ, ಅಲ್ಲೇ ಎಬ್ಬಿಸಿ ಮನೆಗೆ ಕಳಿಸಬೇಕು. ವಿಡಿಯೊ ಗೇಮ್ ಆಡಿ ಬಂದ ಹುಡುಗರಿಗಂತೂ ಇದು ಬೇಕೇ ಬೇಕು. ಅವರ ಕೈ ಚುರುಕು, ಒಪ್ಪುತ್ತೇನೆ. ಕಾರು ಅಂದರೆ ಮೂರು ಜೀವ ಇರುವ ಆಟ ಅಂದುಕೊಂಡಿರುತ್ತಾರೆ.

ಮತ್ತೆ ಗಂಟೆಗಳ ಲೆಕ್ಕ. ಸ್ವೀಡನ್ನಿನಲ್ಲಿ 1993ರಲ್ಲಿ ಕಲಿಯಲು ಶುರು ಮಾಡುವ ವಯಸ್ಸನ್ನು ಹದಿನೇಳೂವರೆಯಿಂದ ಹದಿನಾರಕ್ಕೆ ಇಳಿಸಿದರು. ಲೈಸೆನ್ಸ್ ಮಾತ್ರ ಹದಿನೆಂಟಕ್ಕೇ. ಬೇಗ ಶುರು ಮಾಡಿದವರು ಅಪ್ಪನ ಜೊತೆ, ಅಮ್ಮನ ಜೊತೆ ಸರಾಸರಿ ನೂರು ಗಂಟೆಗೂ ಮೇಲೆ ಓಡಿಸಿದರು. ಅವರ ಅಪಘಾತ ಸುಮಾರು ಶೇ 40ರಷ್ಟು ಕಡಿಮೆ ಬಂತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 21 ವರ್ಷದೊಳಗಿನವರು 120 ಗಂಟೆ ಓಡಿಸಿ ಪುಸ್ತಕದಲ್ಲಿ ಬರೆದು ತೋರಿಸಬೇಕು, ಅದರಲ್ಲಿ 20 ಗಂಟೆ ರಾತ್ರಿ. ನಮ್ಮ ಕಡೆ? ಇಪ್ಪತ್ತು ಕ್ಲಾಸು, ಅರ್ಧರ್ಧ ಗಂಟೆ. ಹತ್ತು ಗಂಟೆ! ಅದರಲ್ಲೂ ನನ್ನ ಕಾಲು. 2021ರ ಜುಲೈ 1ರಿಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ಬಂದಿದೆ. ಅಲ್ಲಿ ಕಾರಿನ ಕೋರ್ಸ್ 29 ಗಂಟೆ, ಅದರಲ್ಲಿ 21 ಗಂಟೆ ಓಡಿಸುವುದು. ಸಿಮ್ಯುಲೇಟರ್ ಇರಲೇಬೇಕು, ಟೆಸ್ಟ್ ಟ್ರ್ಯಾಕ್ ಇರಲೇಬೇಕು. ಅಲ್ಲಿ ಪಾಸಾದರೆ ಆರ್‌ಟಿಒದಲ್ಲಿ ಮತ್ತೆ ಓಡಿಸಿ ತೋರಿಸಬೇಕಾಗಿಲ್ಲ. ಹತ್ತಕ್ಕಿಂತ 21 ಒಳ್ಳೆಯದು. ಯಂತ್ರ ಕೊಂಡೆವು ಅಂತ ಆ 21ನ್ನು ಕದ್ದರೆ ಮಾತ್ರ ಮೋಸ.

ಬೈಕಿನ ಮಾತು ಎತ್ತಿದರೆ ಇನ್ನೊಂದು ಗಂಟೆ ಬೇಕು. ನೀವೆಲ್ಲ ಮೊದಲು ಓಡಿಸುವುದು ಬೈಕೇ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತ 1,68,491 ಜನರಲ್ಲಿ ಹತ್ತಿರ ಹತ್ತಿರ ಅರ್ಧ ಜನ ದ್ವಿಚಕ್ರದವರು. ಅದಕ್ಕೆ ಕ್ಲಾಸಿಗೆ ಬರುವವರೇ ಇಲ್ಲ. ಅಣ್ಣ ಕಲಿಸಿದ, ಆಯಿತು.

ಪ್ರಶ್ನೆ ಕೇಳಿದವರಲ್ಲಿ ಒಬ್ಬರು ಪೋಷಕರು. "ಈಗೆಲ್ಲ ಆಟೊಮ್ಯಾಟಿಕ್ ಕಾರು ಬರ್ತಾವೆ ಸಾ, ಕ್ಲಚ್ ಇರಲ್ಲ, ಇಷ್ಟೆಲ್ಲ ಯಾಕೆ ಬೇಕು?" ಅಂದರು. ಕ್ಲಚ್ ಹೋದರೆ ನನಗೆ ಸಂತೋಷವೇ, ನನ್ನ ಎಡಗಾಲಿಗೆ ರಜ. ಆಗ ಉಳಿಯುವ ಟೈಮನ್ನು ಕಣ್ಣಿಗೆ ಕೊಡಬಹುದು. ಹೊಸಬರು ಬಾನೆಟ್ ಮುಂದಿನ ಹತ್ತು ಅಡಿ ನೋಡುತ್ತಾರೆ, ಪಳಗಿದವರು ದೂರವನ್ನೂ ಅಕ್ಕಪಕ್ಕವನ್ನೂ ನೋಡುತ್ತಾರೆ. 1972ರಲ್ಲೇ ಅಮೆರಿಕದಲ್ಲಿ ಕಣ್ಣಿನ ಚಲನೆ ಅಳೆದು ಇದನ್ನು ತೋರಿಸಿದ್ದಾರೆ. ಬ್ರಿಟನ್ನಿನಲ್ಲಿ 2002ರಿಂದ ಲೈಸೆನ್ಸ್ ಪರೀಕ್ಷೆಯಲ್ಲಿ 14 ಪುಟ್ಟ ವಿಡಿಯೊ ತೋರಿಸುತ್ತಾರೆ. ಅಪಾಯ ಹುಟ್ಟುವುದು ಕಂಡ ತಕ್ಷಣ ಬಟನ್ ಒತ್ತಬೇಕು. ಬೇಗ ಒತ್ತಿದರೆ ಜಾಸ್ತಿ ಅಂಕ.

ಅದನ್ನು ಓದಿದ ಮೇಲೆ ನಾನೂ ಒಂದು ಬಡವರ ಸಿಮ್ಯುಲೇಟರ್ ಮಾಡಿಕೊಂಡಿದ್ದೇನೆ. ನಾನು ಎಡಗಡೆ ಕೂತು ಮೊಬೈಲ್‌ನಲ್ಲಿ ರಸ್ತೆಯ ವಿಡಿಯೊ ತೆಗೆಯುತ್ತೇನೆ, ಓಡಿಸುವುದು ನನ್ನ ಮಗ. ಕ್ಲಾಸಿನಲ್ಲಿ ಹಾಕಿ, ಏನೋ ಆಗುವ ಸ್ವಲ್ಪ ಮೊದಲು ನಿಲ್ಲಿಸುತ್ತೇನೆ. "ಮುಂದೇನಾಗುತ್ತೆ ಹೇಳಿ." ಅಷ್ಟೇ ಆಟ. ಖರ್ಚು ಸೊನ್ನೆ.

ಅವತ್ತೂ ಒಂದು ಹಾಕಿದೆ. ಮಳವಳ್ಳಿ ರಸ್ತೆ, ಬೆಳಿಗ್ಗೆ ಎಂಟು ಗಂಟೆ. ಎಡಗಡೆ ಬಸ್ಸು ನಿಂತಿದೆ. ಬಲಗಡೆ, ರಸ್ತೆ ಆಚೆ, ಒಂದು ಎಮ್ಮೆ ಸುಮ್ನೆ ನಿಂತಿದೆ. ಅಲ್ಲಿಗೆ ನಿಲ್ಲಿಸಿದೆ. ಮೈಸೂರಿನ ನನ್ನ ಕ್ಲಾಸಿನಲ್ಲಿ ಎಲ್ಲರೂ ಬಸ್ಸಿನ ಬಗ್ಗೆಯೇ ಹೇಳುತ್ತಾರೆ, ಅದರ ಮುಂದಿಂದ ಯಾರೋ ಓಡಿ ಬರುತ್ತಾರೆ ಅಂತ. ಸರಿಯಾದ ಉತ್ತರವೇ. ಇಲ್ಲೂ ಒಬ್ಬ ಹುಡುಗಿ ಅದನ್ನೇ ಹೇಳಿದಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಬಸ್ ಬುಡಿ ಸಾ. ಎಮ್ಮೆ ದಾಟ್ತದೆ."

"ಅದು ಸುಮ್ನೆ ನಿಂತಿದೆಯಲ್ಲಪ್ಪ?"

"ಕರ ಈ ಕಡೆ ಅದೆ ಸಾ. ದಾಟೇ ದಾಟ್ತದೆ."

ವಿಡಿಯೊ ಮುಂದಕ್ಕೆ ಬಿಟ್ಟೆ. ಎಮ್ಮೆ ತಲೆ ಎತ್ತಿ, ನೇರ ನಮ್ಮ ಕಾರಿನ ಮುಂದೆ ದಾಟಿತು. ಆ ವಿಡಿಯೊವನ್ನು ನಾನು ಅದೆಷ್ಟೋ ಸಲ ಕ್ಲಾಸಿನಲ್ಲಿ ಹಾಕಿದ್ದೇನೆ. ಕರು ನನಗೆ ಒಂದು ಸಲವೂ ಕಂಡಿರಲಿಲ್ಲ. ಹಿಂದಕ್ಕೆ ತಂದು ಮತ್ತೆ ನೋಡಿದೆ. ಎಡಗಡೆ, ಬಸ್ಸಿನ ಹಿಂದಿನ ಚಕ್ರದ ಪಕ್ಕ, ಬೇಲಿಗೆ ಮೂತಿ ಹಚ್ಚಿಕೊಂಡು ನಿಂತಿತ್ತು.